ಕರೆಂಟು ಹೋದ ಮೇಲೆ ಶಾರವ್ವ ಮುಗಿಸಿದ ಕಥೆ

ಇಳಕಲ್ಲಿನ ನಮ್ಮ ಓಣಿಯಲ್ಲಿ ಶಾರವ್ವನ ಮನೆ, ನನ್ನ ಮನೆ ಎದುರುಬದುರು. ಅವಳ ಮನೆಯಲ್ಲಿ ಮಗ್ಗ, ನನ್ನ ಮನೆಯಲ್ಲಿ ಹೊಲಿಗೆ ಯಂತ್ರ. ಅಲ್ಲಿ ಸೀರೆ ಆಗುತ್ತಿತ್ತು, ಇಲ್ಲಿ ಅದರ ಜೊತೆ ತೊಡುವ ಕುಬಸ ಆಗುತ್ತಿತ್ತು. ಇಷ್ಟು ಹತ್ತಿರದ ನಂಟಿದ್ದರೂ ಅವಳು ನನ್ನ ಮನೆಯ ನೀರನ್ನು ವಿಚಾರಿಸಿಯೇ ಕುಡಿಯುತ್ತಿದ್ದಳು. ಕಾರಣ, ತತ್ತಿ.

ನಾವು ಸೊಲ್ಲಾಪುರದ ಕಡೆಯಿಂದ ಬಂದವರು. ನಮ್ಮ ಒಲೆಯ ಮೇಲೆ ಆಗಾಗ ಕೋಳಿ ತತ್ತಿ ಬೇಯುತ್ತದೆ. ಶಾರವ್ವನದು ಲಿಂಗ ಕಟ್ಟಿದ ನೇಕಾರ ಮನೆತನ. ಬೆಳಿಗ್ಗೆ ವಿಭೂತಿ ಹಚ್ಚದೆ ಬಾಯಿಗೆ ನೀರು ಬಿಡುವವಳಲ್ಲ. ಹೊಸ್ತಿಲಲ್ಲಿ ಇರುವೆ ಸಾಲು ಕಂಡರೆ ದಾಟದೆ ನಿಂತು, ಒಳಗಿನಿಂದ ಚಿಟಿಕೆ ಸಕ್ಕರೆ ತರಿಸಿ ಹಾಕುವವಳು. ನನ್ನ ಮನೆಯಿಂದ ವಾಸನೆ ಹೊರಟಿತೋ, ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: "ಇಂದ್ರಾಬಾಯಿ, ಇವತ್ತು ಮತ್ತೊಂದು ಜೀವ ಒಡದ್ಯಾ? ನಾಳಿತನಕ ನಿಮ್ಮ ಮನಿ ನೀರು ಬ್ಯಾಡವ್ವಾ ನಂಗ."

"ಬ್ಯಾಡಾದ್ರ ಬಿಡ್ರಿ ಶಾರವ್ವಾರ, ನೀರು ಉಳೀತು," ಎಂದು ನಾನೂ ಅನ್ನುತ್ತಿದ್ದೆ. ನನ್ನ ನಾಲಿಗೆಯೇನೂ ಕಡಿಮೆಯಲ್ಲ.

ಅವಳ ಮೇಲೆ ನನಗೆ ಸಿಟ್ಟೂ ಇತ್ತು, ಅದಕ್ಕಿಂತ ಹೆಚ್ಚು ಗೌರವವೂ ಇತ್ತು. ಗಂಡ ತೀರಿಕೊಂಡಾಗ ಮಗ ಅಂದಾನಪ್ಪ ಇನ್ನೂ ಕನ್ನಡ ಸಾಲಿಗೆ ಹೋಗುತ್ತಿದ್ದ. ಹೆಂಗಸರು ನೂಲು ಸುತ್ತಬೇಕು, ಕೊಂಡಿ ಹಾಕಬೇಕು, ಮಗ್ಗದ ಕುಣಿಯಲ್ಲಿ ಕಾಲಿಳಿಸಿ ನೇಯಲು ಗಂಡಸು ಕೂಡಬೇಕು ಎಂಬುದು ಆ ಮನೆಯ ರೂಢಿ. ಶಾರವ್ವ ಸೀರೆ ಎತ್ತಿ ಕಟ್ಟಿ ಕುಣಿಗೆ ಇಳಿದಳು. ಇಪ್ಪತ್ತು ವರ್ಷ ಅಲ್ಲಿಂದಲೇ ಮನೆ ನಡೆಸಿದಳು. ಕೊಂಡಿಯನ್ನೂ ತಾನೇ ಹಾಕುತ್ತಿದ್ದಳು. ಸೀರೆಯ ಮೈಯ ಹತ್ತಿಯ ಎಳೆಗೂ ಸೆರಗಿನ ರೇಷ್ಮೆಯ ಎಳೆಗೂ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸುವ ಕೆಲಸ ಅದು. ಕಣ್ಣು, ಬೆರಳು, ತಾಳ್ಮೆ ಮೂರೂ ಬೇಕು. ಶಾರವ್ವನಿಗೆ ತಾಳ್ಮೆ ಇದ್ದದ್ದು ನೂಲಿನ ಹತ್ತಿರ ಮಾತ್ರ. ಮನುಷ್ಯರ ಹತ್ತಿರ ಅವಳದು ಒಂದೇ ಮಾತು, ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊಟ್ಟ ಮಾತು ಅವಳು ತಿರುಗಿಸಿದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಒಂದು ಸಲ ತಿರುಗಿಸಿದಳು. ಆ ಒಂದು ಸಲಕ್ಕಾಗಿಯೇ ನಾನು ಅವಳ ವಿಷಯ ಬರೆಯುತ್ತಿರುವುದು.

ಎರಡು ಸಾವಿರದ ಎರಡರ ಬೇಸಿಗೆ. ಅಂದಾನಪ್ಪನ ಹೆಂಡತಿ ಶಿವಗಂಗಾ ಮೂರನೇ ಸಲ ಬಸುರಿ. ಮೊದಲಿನವೆರಡೂ ಹೆಣ್ಣು, ದೊಡ್ಡವಳು ಪ್ರೀತಿ, ಸಣ್ಣವಳು ಸುನಿತಾ. ಶಾರವ್ವನಿಗೆ ಈ ಸಲ ಮೊಮ್ಮಗನೇ ಬೇಕಿತ್ತು. ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತಿದ್ದಳು. "ಮಗ್ಗದಾಗ ಕೂಡಾಕ ಒಬ್ಬ ಗಂಡಮಗ ಬೇಕಲ್ಲವಾ," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅದೇ ಮಗ್ಗದಲ್ಲಿ ಇಪ್ಪತ್ತು ವರ್ಷ ಕೂತವಳು ಹೆಂಗಸೇ ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ತನ್ನ ಬೆನ್ನು ತನಗೆ ಕಾಣದು ಅನ್ನುವುದು ಇದಕ್ಕೇ.

ಯಾರೋ ದೂರದ ಊರಿನ ಒಂದು ದವಾಖಾನೆಯ ಸುಳಿವು ಕೊಟ್ಟರು. ಅಲ್ಲಿ ಹೊಟ್ಟೆಯೊಳಗಿನದನ್ನು ಯಂತ್ರದಲ್ಲಿ ನೋಡುತ್ತಿದ್ದರು. ಗಂಡೋ ಹೆಣ್ಣೋ ಹೇಳುವುದು ಕಾಯ್ದೆಗೆ ವಿರುದ್ಧ, ಅದಕ್ಕೇ ಅಲ್ಲಿಯ ಡಾಕ್ಟರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸೋಮವಾರ ಬರ್ರಿ ಅಂದರೆ ಗಂಡು, ಶುಕ್ರವಾರ ಬರ್ರಿ ಅಂದರೆ ಹೆಣ್ಣು. ಲಕ್ಷ್ಮಿಯ ವಾರವನ್ನು ಇಂಥ ಕೆಲಸಕ್ಕೆ ಇಟ್ಟುಕೊಂಡಿದ್ದನಲ್ಲ, ಅವನ ಕೈಗೆ ಹುಳ ಬೀಳಲಿ ಎಂದು ನಾನು ಆಗಲೂ ಬೈದಿದ್ದೆ, ಈಗಲೂ ಬೈಯುತ್ತೇನೆ. ಶಿವಗಂಗಾಳಿಗೆ ಅವನು ಹೇಳಿದ್ದು ಶುಕ್ರವಾರ. ಅವತ್ತೇ ಹೋಗಿ ತೆಗೆಸಿಕೊಂಡು ಬರುವುದು ಎಂದು ಶಾರವ್ವ ಮಾತು ಕೊಟ್ಟು ಬಂದಳು. ಅಂದಾನಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಅವ್ವ ಹೇಳಿದಂಗ," ಅಂದ. ಆ ಮನೆಯಲ್ಲಿ ಅದು ಒಪ್ಪಿಗೆಯೇ.

ಶಿವಗಂಗಾ ಕುಬಸದ ಹೊಲಿಗೆ ಬಿಚ್ಚಿಸಿಕೊಳ್ಳುವ ನೆಪದಲ್ಲಿ ನನ್ನ ಹತ್ತಿರ ಬಂದಳು. ಅಳತೆ ಪಟ್ಟಿ ಅವಳ ಮೈಗೆ ಸುತ್ತಿದಾಗ ಅವಳ ಕಣ್ಣೀರು ನನ್ನ ಕೈಮೇಲೆ ಬಿತ್ತು. "ಇಂದ್ರಕ್ಕಾ, ನಿನ್ನೆ ಒಳಗ ಹೊಳ್ಳಿತ್ರಿ. ಮೀನ ಹೊಳ್ಳಿದಂಗ. ನಮ್ಮ ಅತ್ತಿಯವರಿಗೆ ಹೇಳಿದೆ. 'ಇನ್ನೂ ಮಾರಿ ಕಂಡಿಲ್ಲ, ಮೈ ಕಂಡಿಲ್ಲ, ಕಾಣದ್ದಕ್ಕ ಅಳೂದೇನು' ಅಂದ್ರು," ಎಂದಳು.

ನನಗೆ ತಡೆಯಲಾಗಲಿಲ್ಲ. ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಓಣಿ ದಾಟಿದೆ. ಶಾರವ್ವ ಮಗ್ಗದ ಹತ್ತಿರ ಕೂತು ಕೊಂಡಿ ಹಾಕುತ್ತಿದ್ದಳು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ತಲೆ ಎತ್ತಲಿಲ್ಲ. ಕೊನೆಗೆ ಒಂದೇ ಮಾತು ಅಂದಳು. "ತತ್ತಿ ಒಡದು ತಿನ್ನಾಕಿ ನೀ. ನಂಗ ಜೀವದ ಬುದ್ಧಿ ಹೇಳಾಕ ಬಂದ್ಯಾ?"

ತಂದ ಕತ್ತರಿ ಹಿಡಿದುಕೊಂಡೇ ನಾನು ತಿರುಗಿ ಬಂದೆ. ಖರೇ ಹೇಳುತ್ತೇನೆ, ಆ ಓಣಿಯಲ್ಲಿ ನನ್ನನ್ನು ಹಾಗೆ ಹಿಂದಕ್ಕೆ ಕಳಿಸಿದವಳು ಅವಳೊಬ್ಬಳೇ.

ಇನ್ನು ಸಿನಿಮಾದ ವಿಷಯ. ಓಣಿಯಲ್ಲಿ ಬಣ್ಣದ ಟಿವಿ ಇದ್ದದ್ದು ನನ್ನ ಮನೆಯಲ್ಲಿ. ಸಾಲಿ ಸೂಟಿ ಬಿಟ್ಟಾಗ ಹುಡುಗರು ಮುತ್ತಪ್ಪನ ಅಂಗಡಿಯಿಂದ ಸಿಡಿ, ಸಿಡಿ ಹಾಕುವ ಡಬ್ಬಿ ಎರಡನ್ನೂ ಬಾಡಿಗೆ ತಂದು ನನ್ನ ಪಡಸಾಲೆಯಲ್ಲಿ ಜಾತ್ರೆ ಮಾಡುತ್ತಿದ್ದರು. ಆ ವಾರ ಬುಧವಾರ ಮಧ್ಯಾಹ್ನ ಪ್ರೀತಿ ಓಡಿ ಬಂದು, "ಇಂದ್ರಕ್ಕಾ, ಇವತ್ತು ದೇವರ ಸಿನಿಮಾ. ನಮ್ಮ ಆಯಿನೂ ಬರ್ತಾಳ," ಅಂದಳು. ಮೊಮ್ಮಕ್ಕಳು ಶಾರವ್ವನನ್ನು ಆಯಿ ಅನ್ನುತ್ತಿದ್ದವು.

ದೇವರ ಸಿನಿಮಾ ಅಂದಿದ್ದಕ್ಕೆ ಶಾರವ್ವ ನನ್ನ ಮೇಲಿನ ಸಿಟ್ಟನ್ನು ಹೊಸ್ತಿಲ ಆಚೆ ಬಿಟ್ಟು ಬಂದಳು. ಮಡಿಲಲ್ಲಿ ಹತ್ತಿ ಇಟ್ಟುಕೊಂಡು, ಬತ್ತಿ ಹೊಸೆಯುತ್ತ ಗೋಡೆಗೆ ಒರಗಿ ಕೂತಳು. ಶಿವಗಂಗಾ ಬಾಗಿಲ ಹತ್ತಿರ ಕೂತಳು. ಕವರಿನ ಮೇಲೆ ಶಿವಪಾರ್ವತಿಯರ ಚಿತ್ರ ಇದ್ದದ್ದೇನೋ ಖರೆ. ಹಚ್ಚಿ ನೋಡಿದರೆ ಒಳಗೆ ಕಾರ್ಟೂನು! ಮುತ್ತಪ್ಪ ಸಿಡಿಗಳನ್ನು ಅದಲುಬದಲು ಮಾಡುವುದು ಊರಿಗೇ ಗೊತ್ತಿದ್ದ ಮಾತು. ಹುಡುಗರು ಕುಣಿದವು. ಶಾರವ್ವ ಮಾತ್ರ, "ದೇವರು ಎಲ್ಲಿ ಅದಾನ?" ಎಂದು ಕೇಳಿದಳು.

"ಬರ್ತಾನ, ತಡೀರಿ," ಅಂದೆ ನಾನು.

ಬಂದದ್ದು ಒಂದು ಮುದಿ ಹೆಣ್ಣು ಕತ್ತೆ. ಎಲ್ಲಿಯದೋ ಪರದೇಶದ ಕಾರ್ಟೂನು, ಮಾತು ಹಿಂದಿ. ಸೊಲ್ಲಾಪುರದಲ್ಲಿ ಬೆಳೆದ ನನಗೆ ಹಿಂದಿ ತಿಳಿಯುತ್ತದೆ, ಅದಕ್ಕೇ ನಾನು ಕನ್ನಡ ಮಾಡಿ ಹೇಳುತ್ತ ಹೋದೆ. ಕತ್ತೆ ಉಪ್ಪಿನ ಚೀಲ ಹೊತ್ತು ಗುಡ್ಡ ಹತ್ತುತ್ತದೆ. ದಾರಿಯಲ್ಲಿ ಚೀಲದೊಳಗೆ ಏನೋ ಉರುಳಿದಂತಾಗುತ್ತದೆ. ನೋಡಿದರೆ ಒಂದು ತತ್ತಿ. ಯಾರದೋ, ಯಾವಾಗ ಸೇರಿತೋ.

"ಥೂ, ದೇವರ ಸಿನಿಮಾ ಅಂತ ಕರದು ತತ್ತಿ ಸಿನಿಮಾ ತೋರಸ್ತೀಯೇನವಾ!" ಎಂದು ಶಾರವ್ವ ಎದ್ದೇಬಿಟ್ಟಳು. ಸುನಿತಾ ಅವಳ ಸೆರಗು ಹಿಡಿದು ಜಗ್ಗಿ ಕೂರಿಸಿದಳು. ಹುಡುಗಿಯ ಹಟ ಅಜ್ಜಿಯದೇ. ಸ್ವಲ್ಪ ಹೊತ್ತಿಗೆ ಶಾರವ್ವನೇ, "ಕತ್ತಿ ತತ್ತಿ ಹೊತ್ತಗೊಂಡು ಹೊಂಟೇತಿ ನೋಡ್ರೆಲೇ," ಎಂದು ಹುಡುಗರನ್ನು ನಗಿಸತೊಡಗಿದಳು. ಬೇರೆ ಪ್ರಾಣಿಗಳೆಲ್ಲ ಕತ್ತೆಯನ್ನು ಗೇಲಿ ಮಾಡಿದವು. ಇರುವ ಭಾರ ಸಾಲದೇ, ಇದನ್ನು ಕೆಳಗೆ ಒಗಿ, ಎಂದವು. ಕತ್ತೆ ತತ್ತಿಗೆ ಕಿವಿ ಇಟ್ಟು ಕೇಳಿತು. ಒಳಗಿನಿಂದ ಟಿಕ್ ಟಿಕ್ ಎಂದಿತು.

ಬಾಗಿಲಲ್ಲಿ ಕೂತ ಶಿವಗಂಗಾಳ ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು. ಶಾರವ್ವ ಅದನ್ನು ನೋಡಿದಳು. ಬತ್ತಿ ಹೊಸೆಯುವ ಕೈ ನಿಂತಿತು.

ಅಷ್ಟರಲ್ಲಿ ಪರದೆಯ ಮೇಲೆ ಒಂದು ನರಿ ಬಂತು. ಭಾಳ ಶಾಣ್ಯಾ ನರಿ, ಊರ ಹಿರಿಯನ ಹಾಗೆ ಕೆಮ್ಮಿ ಮಾತಾಡುವಂಥದು. ಅದು ಕತ್ತೆಗೆ ಬುದ್ಧಿ ಹೇಳಿತು. ನಾನು ಅದನ್ನು ಇದ್ದಂತೆ ಕನ್ನಡಕ್ಕೆ ತಂದೆ: "ನರಿ ಹೇಳಾಕತ್ತೇತಿ, ಇದರ ಮಾರಿ ಇನ್ನೂ ಯಾರೂ ನೋಡಿಲ್ಲ, ಈಗ ಒಡದ್ರ ಯಾರಿಗೆ ದುಃಖ, ಅಂತ."

ದೇವರಾಣೆ, ಅದರಲ್ಲಿ ಒಂದಕ್ಷರ ನಾನು ಸೇರಿಸಿದ್ದಲ್ಲ. ನರಿ ಅಂದದ್ದೇ ಹಾಗೆ. ಶಾರವ್ವ ನನ್ನ ಮುಖವನ್ನು ದುರುಗುಟ್ಟಿ ನೋಡಿದಳು. "ಖರೇನ ಹಂಗ ಅಂತಾ ಅದು?" ಎಂದು ಕೇಳಿದಳು. "ಖರೇನ ರೀ," ಅಂದೆ. ನರಿ ತತ್ತಿಯನ್ನು ಬಂಡೆಯ ಅಂಚಿಗೆ ಉರುಳಿಸಿಕೊಂಡು ಹೋಯಿತು. ಕತ್ತೆ ಓಡಿ ಬಂತು. ನರಿ ಕಾಲು ಎತ್ತಿತು.

ಕರೆಂಟು ಹೋಯಿತು.

ಆ ದಿನಗಳಲ್ಲಿ ಮಧ್ಯಾಹ್ನ ಹೋದ ಕರೆಂಟು ಸಂಜೆ ದೀಪದ ಹೊತ್ತಿಗೇ ಬರುತ್ತಿದ್ದದ್ದು. ಆ ಹೊತ್ತಿಗೆ ಮುತ್ತಪ್ಪ ಡಬ್ಬಿ ಒಯ್ಯಲು ಬಾಗಿಲಲ್ಲಿ ನಿಂತಿರುತ್ತಿದ್ದ. ಹುಡುಗರು ಒಂದೇ ಸವನೆ ಚೀರಿದವು. ಸುನಿತಾ ಅಳತೊಡಗಿದಳು. "ಆಯಿ, ತತ್ತಿ ಒಡೀತಾ? ಮುಂದ ಹೇಳ ಆಯಿ," ಎಂದು ಎಲ್ಲವೂ ಶಾರವ್ವನ ಸುತ್ತ ಕೂತವು. ಅರ್ಧ ಕಥೆಗಳನ್ನು ಪೂರ್ತಿ ಮಾಡುವುದರಲ್ಲಿ ಅವಳದು ಎತ್ತಿದ ಕೈ; ಓಣಿಯ ಹುಡುಗರೆಲ್ಲ ಅವಳ ಕಥೆ ಕೇಳಿಯೇ ಮಲಗುತ್ತಿದ್ದವು.

"ನಂಗೇನ ಗೊತ್ತ? ಇಂದ್ರಾಬಾಯಿನ್ನ ಕೇಳ್ರಿ," ಎಂದಳು ಶಾರವ್ವ.

"ನಂಗೂ ಗೊತ್ತಿಲ್ರಿ," ಅಂದೆ ನಾನು. ಏನಾದರೂ ಕಟ್ಟಿ ಹೇಳಬಹುದಿತ್ತು. ಹೇಳಲಿಲ್ಲ.

ಆಗ ಬಾಗಿಲ ಹತ್ತಿರದಿಂದ ಶಿವಗಂಗಾ ಮಾತಾಡಿದಳು. ಅತ್ತೆಯ ಮುಂದೆ ದನಿ ಎತ್ತಿದವಳಲ್ಲ ಅವಳು. "ಹೇಳ್ರಿ ಅತ್ತಿ. ಮುಂದ ಏನಾತಂತ ನಂಗೂ ಕೇಳಬೇಕಾಗೇತಿ," ಎಂದಳು.

ಹೊರಗೆ ಯಾರದೋ ಮನೆಯ ಮಗ್ಗ ಬಡಿಯುತ್ತಿತ್ತು. ಶಾರವ್ವ ಹತ್ತಿಯನ್ನು ಮಡಿಲಿನಿಂದ ತೆಗೆದು ಪಕ್ಕಕ್ಕೆ ಇಟ್ಟಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಅವಳು ಆಡಲಿರುವ ಮಾತಿನ ತೂಕ ಆ ಹುಡುಗರಿಗೆ ಗೊತ್ತಿರಲಿಲ್ಲ, ನಮ್ಮ ಮೂವರಿಗೆ ಗೊತ್ತಿತ್ತು.

"ಕತ್ತಿ ಏನ ಅಂತಂದ್ರ," ಎಂದು ನಿಧಾನ ಶುರು ಮಾಡಿದಳು, "'ನರಿಯಪ್ಪಾ, ಹೊರೂ ಬೆನ್ನು ನಂದು. ಭಾರ ನಂದು. ನೀ ಯಾಕ ಏದುಸಿರು ಬಿಡಾಕತ್ತಿ? ಮಾರಿ ಕಂಡಿಲ್ಲ ಅಂದ್ರ ಇಲ್ಲೇ ಕುಂದರು, ಕಾಣೂತನಕ ಕಾಯೂಣು. ಮೊದಲ ಹೊರಗ ಬರ್ಲಿ, ಆಮ್ಯಾಲ ಅದು ಯಾರಂತ ಕೇಳೂಣು' ಅಂತು."

"ನರಿ ಕಾಲು ತಗೀತಾ?" ಪ್ರೀತಿ ಕೇಳಿದಳು.

"ತಗೀತು."

"ತತ್ತ್ಯಾಗಿಂದ ಏನ ಬಂತು? ಗಂಡ ಮರಿ ಬಂತೋ, ಹೆಣ್ಣ ಮರಿ ಬಂತೋ?"

ಎಂಟು ವರ್ಷದ ಹುಡುಗಿ. ಮನೆಯಲ್ಲಿ ಗುಸುಗುಸು ಮಾತಾಡಿದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತೋ ಏನೋ. ಶಾರವ್ವ ಅವಳನ್ನು ನೋಡಿದಳು, ಸುನಿತಾಳನ್ನು ನೋಡಿದಳು. ಸೊಸೆಯ ಕಡೆ ಮಾತ್ರ ನೋಡಲಿಲ್ಲ.

"ಹೆಣ್ಣು," ಎಂದಳು.

"ಆಮ್ಯಾಲ ನರಿ ಓಡಿ ಹೋತಾ?"

"ಇಲ್ಲವಾ. ನರಿ ಎಲ್ಲೂ ಹೋಗಲಿಲ್ಲ. ಅಲ್ಲೇ ಕುಂತು ಅತ್ತತು," ಎಂದು ಎದ್ದು ಹೊರಟೇಬಿಟ್ಟಳು. ಬತ್ತಿ, ಹತ್ತಿ ಎರಡೂ ನನ್ನ ಪಡಸಾಲೆಯಲ್ಲೇ ಉಳಿದವು.

ಇಷ್ಟಾದರೂ ಅವಳು ಮಾತು ತಿರುಗಿಸಿದಳೆಂದು ನನಗೆ ನಂಬಿಕೆ ಬರಲಿಲ್ಲ. ಕಥೆ ಹೇಳುವುದು ಬೇರೆ, ಮಾತು ಬಿಡುವುದು ಬೇರೆ. ಗುರುವಾರ ಆ ಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಶುಕ್ರವಾರ ಬೆಳಿಗ್ಗೆ ನಾನು ಯಂತ್ರದ ಮುಂದೆ ಕೂತು ಕಿಟಕಿಯಿಂದ ನೋಡುತ್ತಿದ್ದೆ. ಆ ದವಾಖಾನೆಯ ಊರಿಗೆ ಹುನಗುಂದದ ಮೇಲೆ ಹೋಗುವ ಬಸ್ಸಿನ ಹೊತ್ತಿಗೆ ಸರಿಯಾಗಿ ಶಾರವ್ವ ಹೊರಗೆ ಬಂದಳು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಚೀಲ. ಹಿಂದೆ ಶಿವಗಂಗಾ, ತಲೆ ತಗ್ಗಿಸಿಕೊಂಡು. ಮುಗೀತು, ಅಂದುಕೊಂಡೆ. ಎದ್ದು ಹೋಗಿ ದಾರಿಗೆ ಅಡ್ಡ ಮಲಗಲೇ ಎಂದೂ ಅನ್ನಿಸಿತು.

ಅವರಿಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ನೇರ ಓಣಿ ದಾಟಿ ನನ್ನ ಹೊಸ್ತಿಲಿಗೆ ಬಂದರು. ಶಾರವ್ವ ಚೀಲದಿಂದ ಗುಳೇದಗುಡ್ಡದ ಒಂದು ಹೊಸ ಖಣ ತೆಗೆದು ನನ್ನ ಯಂತ್ರದ ಮೇಲೆ ಇಟ್ಟಳು. ಗಿಳಿಹಸಿರು ಬಣ್ಣದ್ದು.

"ಇಕಿ ಅಳತಿ ತಗೋ. ಕುಬಸ ಹೊಲಿ," ಎಂದಳು. "ಏಳನೇ ತಿಂಗಳಿಗೆ ಕುಬಸ ಮಾಡಬೇಕು."

ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಹೊಸ ಕುಬಸ ತೊಡಿಸಿ ಆರತಿ ಎತ್ತುವ ಕಾರ್ಯಕ್ಕೂ ನಮ್ಮಲ್ಲಿ ಕುಬಸ ಅಂತಲೇ ಹೆಸರು. ಅದು ಚೊಚ್ಚಲ ಬಸಿರಿಗೆ ಮಾತ್ರ. ಎರಡನೆಯದಕ್ಕೇ ಯಾರೂ ಮಾಡುವುದಿಲ್ಲ, ಇನ್ನು ಮೂರನೆಯದಕ್ಕೆ ಅಂದರೆ ಜನ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ನಾನು ಅಳತೆ ಪಟ್ಟಿ ಕೈಗೆತ್ತಿಕೊಂಡೆ.

ಶಾರವ್ವ ಒಳಗೆ ಬಂದು ನನ್ನ ಹತ್ತಿರ ಕೂತಳು. ದನಿ ತಗ್ಗಿಸಿ ಹೇಳಿದಳು. "ನಿನ್ನ ಮನ್ಯಾಗ ತತ್ತಿ ಒಡದ್ರ ನಿನ್ನ ನೀರ ಮುಟ್ಟತಿದ್ದಿಲ್ಲ ನಾ. ನನ್ನ ಮನ್ಯಾಗ ಏನ ಒಡ್ಯಾಕ ಹೊಂಟಿದ್ದೆ ಇಂದ್ರಾ? ಇರುವಿಗೆ ಸಕ್ರಿ ಹಾಕಿ ಹೊಟ್ಟ್ಯಾಗಿನ ಕೂಸಿಗೆ ವಿಷ ಹಾಕಾಕ ಹೊಂಟಿದ್ದೆ. ಆ ನರಿ ಬಾಯಾಗ ನನ್ನ ಮಾತು ಕೇಳಿದೆ ನೋಡು, ಆವತ್ತಿಂದ ಊಟ ಸೇರವಲ್ದು." ಅವಳ ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಂಡು, "ನೀರ ಕೊಡು," ಎಂದಳು.

"ನಿನ್ನೆ ತತ್ತಿ ಮಾಡೀನ್ರಿ," ಅಂದೆ.

"ಮಾಡಿದ್ದರ ಮಾಡಿದಿ. ಕೊಡು."

ಕುಡಿದಳು. ಹಬ್ಬದ ಪಾಯಸ ಕುಡಿದರೂ ನನ್ನ ಮನೆಯಲ್ಲಿ ಯಾರೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಕುಬಸದ ಸೀರೆಗೆ ಅವಳೇ ಕೊಂಡಿ ಹಾಕಿದಳು. ಎಷ್ಟೋ ವರ್ಷದ ಮೇಲೆ ಮಗನನ್ನು ಮಗ್ಗದಿಂದ ಎಬ್ಬಿಸಿ ಮತ್ತೆ ತಾನೇ ಕುಣಿಗೆ ಇಳಿದು ನೇಯ್ದಳು. ಕಾರ್ಯದ ದಿನ ಓಣಿಯ ಹೆಂಗಸರೆಲ್ಲ ಬಂದಿದ್ದರು, ಅರ್ಧ ಜನ ಆರತಿಗೆ, ಅರ್ಧ ಜನ ಮೋಜು ನೋಡಲಿಕ್ಕೆ. ಶಾರವ್ವನ ನಾದಿನಿ ಸಾವಿತ್ರೆವ್ವ ತಡೆಯಲಾರದೆ ಕೇಳಿಯೇಬಿಟ್ಟಳು: "ಮೂರನೇದಕ್ಕ ಎಂಥಾ ಕುಬಸವಾ ವೈನಿ? ಅದೂ ಹೆಣ್ಣಂತ ಗೊತ್ತಿದ್ದು?"

"ಮೊದಲಿಂದಕ್ಕ ಏನಂತ ಗೊತ್ತಿದ್ದಿಲ್ಲ, ಆಸೇಕ ಮಾಡಿದ್ವಿ," ಎಂದಳು ಶಾರವ್ವ, ಎಲ್ಲರಿಗೂ ಕೇಳುವಂತೆ. "ಇದಕ್ಕ ಗೊತ್ತಿದ್ದು ಮಾಡಾಕತ್ತೇನಿ. ಆರತಿ ಹಿಡಿ ನೀ." ಸಾವಿತ್ರೆವ್ವ ಹಿಡಿದಳು.

ಕೂಸು ಹುಟ್ಟಿತು. ಹೆಣ್ಣೇ. ಶಾರವ್ವ ತನ್ನ ತಾಯಿಯ ಹೆಸರನ್ನೇ ಇಟ್ಟಳು, ಗುರುಲಿಂಗವ್ವ. ಮೊಮ್ಮಗನಿಗೆಂದು ಹೊತ್ತ ಹರಕೆ ಏನು ಮಾಡುತ್ತೀರಿ ಎಂದು ಕೇಳಿದರೆ, ಕೂಸನ್ನು ಎತ್ತಿಕೊಂಡು ತುಳಸಿಗೇರಿಗೇ ಹೋಗಿ ಬಂದಳು. "ಹನುಮಪ್ಪಗ ಹೆಣ್ಣೇನು ಗಂಡೇನು, ಬ್ರಹ್ಮಚಾರಿಗೆ ಎಲ್ಲಾ ಕೂಸೂ ಒಂದ," ಎಂದಳು. ಹಾಗಂತ ಅವಳು ಒಮ್ಮೆಲೇ ದೇವತೆಯಾದಳು ಅಂದುಕೊಳ್ಳಬೇಡಿ. ಬೇರೆಯವರ ಮನೆಯಲ್ಲಿ ಗಂಡುಕೂಸು ತೊಟ್ಟಿಲಿಗೆ ಬಿದ್ದರೆ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಸೊಸೆಯ ರೊಟ್ಟಿ ದಪ್ಪವಾದರೆ ಇಂದಿಗೂ ಬೈಯುತ್ತಾಳೆ. ಆದರೆ ಓಣಿಯಲ್ಲಿ ಮುಂದೆ ಯಾವ ಮನೆಯಲ್ಲಿ ಶುಕ್ರವಾರದ ಮಾತು ಬಂದರೂ ಶಾರವ್ವ ಆ ಮನೆಯ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದಳು. ಜಗಳ ಮಾಡುತ್ತಿರಲಿಲ್ಲ. ಹುಡುಗರನ್ನು ಕೂರಿಸಿಕೊಂಡು ಕತ್ತೆಯ ಕಥೆ ಹೇಳುತ್ತಿದ್ದಳು, ಒಳಗಿನವರಿಗೆ ಕೇಳುವಷ್ಟು ಗಟ್ಟಿಯಾಗಿ. ಅರವತ್ತು ದಾಟಿದ ಮೇಲೆ, ಊರ ಮುಂದೆ ತನ್ನ ಮಾತನ್ನು ತಾನೇ ಬಿಚ್ಚಿ ಮತ್ತೆ ನೇಯ್ದವಳನ್ನು ನಾನಂತೂ ಮತ್ತೊಬ್ಬಳನ್ನು ಕಂಡಿಲ್ಲ.

ಏಳು ವರ್ಷ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಕೇಬಲ್ ಟಿವಿಯ ಮಕ್ಕಳ ಚಾನೆಲ್ಲಿನಲ್ಲಿ ಅದೇ ಕತ್ತೆ ಕಾಣಿಸಿತು. ನಾನು ಕೈಯ ಕೆಲಸ ಬಿಟ್ಟು ಕೊನೆಯತನಕ ನೋಡಿದೆ. ಮುಗಿದ ಕೂಡಲೇ ಓಣಿ ದಾಟಿ ಓಡಿದೆ. ಶಾರವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಗುರುಲಿಂಗವ್ವ ಅವಳ ಮುಂದೆ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳು.

"ಶಾರವ್ವಾರ, ಆ ಸಿನಿಮಾದ ಖರೇ ಕಥಿ ನೋಡಿದೆ ಇವತ್ತು," ಎಂದೆ. "ತತ್ತ್ಯಾಗಿಂದ ಹಂಸದ ಮರಿ ಬರ್ತೈತಿ. ಅದು ದೊಡ್ಡದಾಗಿ ಹಾರಿ ಹೋಗತೈತಿ. ನರಿ ಅಳೂದಿಲ್ಲ ಏನಿಲ್ಲ. ಬಾಲ ಮುದುಡಿಕೊಂಡು ಗುಡ್ಡ ಇಳದು ಓಡಿಬಿಡತೈತಿ."

ಶಾರವ್ವನ ಬೆರಳುಗಳು ಮೊಮ್ಮಗಳ ಕೂದಲಿನ ಮೂರು ಎಳೆಗಳಲ್ಲಿ ಆಡುತ್ತಲೇ ಇದ್ದವು. ಕೊಂಡಿ ಹಾಕುವಾಗಿನ ಅದೇ ತಾಳ್ಮೆ.

"ಅವರಿಗೆ ಕಥಿ ಮುಗಸಾಕ ಬಂದಿಲ್ಲ ಬಿಡು," ಎಂದಳು. "ನರಿ ಓಡಿ ಹೋದ್ರ, ಮರಿಗೆ ಜಡಿ ಹಾಕವರು ಯಾರು?"